ದಸ್ತಗೀರನ ಹೊಗೆ, ಕೆರೆಯ ಮಂಜು

ಇಟ್ಟಿಗೆ ಗೂಡಿನ ದಸ್ತಗೀರ ಬಸ್ಸು ಹತ್ತಿ ಕುಳಿತನೆಂದರೆ ಪಕ್ಕದ ಸೀಟಿನವರಿಗೆ ನಿದ್ದೆಯ ಆಸೆ ಬಿಟ್ಟ ಹಾಗೆಯೇ. ಯಲಹಂಕದಿಂದ ಹೊರಟ ಬಸ್ಸು ಹೆಬ್ಬಾಳ ದಾಟಿ ಗಂಗಾನಗರದ ಹತ್ತಿರ ಬರುತ್ತಿದ್ದಂತೆ ಅವನು ಕಿಟಕಿಯಾಚೆ ಬೆರಳು ತೋರಿಸಿ, "ಆ ಹಸಿರು ಗೇಟಿನ ಮನೆ ಕಾಣ್ತದಲ್ಲ, ಅದು ನಂದು. ಪಕ್ಕದ್ದೂ ನಂದೇ. ಆ ಮೂಲೆದು ಮಾತ್ರ ಬೇರೆಯವ್ರದ್ದು, ನೋಡಿ ಹೆಂಗೆ ಬಿರುಕು ಬಿಟ್ಟೈತೆ" ಎಂದು ಶುರು ಮಾಡುತ್ತಿದ್ದ. ಗೊತ್ತಿಲ್ಲದವರು ಯಾರೋ ಭಾರಿ ಕುಳ ಎಂದುಕೊಂಡು ಸರಿದು ಜಾಗ ಬಿಡುತ್ತಿದ್ದರು. ಗೊತ್ತಿದ್ದವರು ಮುಸಿಮುಸಿ ನಗುತ್ತಿದ್ದರು. ಆ ಮನೆಗಳಲ್ಲಿ ಅವನದೆಂದು ಹೇಳಬಹುದಾದದ್ದು ಗೋಡೆಯ ಇಟ್ಟಿಗೆ ಮಾತ್ರ. ಅದೂ ಗಾರೆಯ ಒಳಗೆ ಅಡಗಿ ಎಷ್ಟೋ ವರ್ಷವಾಗಿತ್ತು.

ಅವನ ಸ್ವಂತ ಮನೆಗೆ ಮಣ್ಣಿನ ಗೋಡೆ, ಮೇಲೆ ಜಿಂಕ್ ಶೀಟು. ಯಾಕೆ ಸಾಬ್ರೇ ಎಂದು ಕೇಳಿದರೆ, "ಮಾರೋ ಮಾಲಿಗೆ ಮನೆಯವ್ರು ಕಣ್ಣು ಹಾಕ್ಬಾರ್ದು" ಎನ್ನುತ್ತಿದ್ದ. ಹೆಂಡತಿ ಶಹರ್ಬಾನು ಈ ಮಾತನ್ನು ಹದಿನೆಂಟು ವರ್ಷದಿಂದ ಕೇಳಿಸಿಕೊಂಡಿದ್ದಳು. ಒಂದು ಸಲವೂ ನಕ್ಕಿರಲಿಲ್ಲ.

ಯಲಹಂಕದಿಂದ ರಾಜಾನುಕುಂಟೆಗೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಎಡಕ್ಕೆ ಇಳಿದರೆ ಒಂದು ಕೆರೆ. ಈಚೆ ದಡದಲ್ಲಿ ದಸ್ತಗೀರನ ಗೂಡು, ಗೂಡಿಗೆ ತಾಗಿದ ಹಾಗೆ ಶ್ರೀರಾಮಪ್ಪನ ದ್ರಾಕ್ಷಿ ತೋಟ, ಆಚೆ ದಡದಲ್ಲಿ ಸುಣ್ಣ ಬಳಿದ ಪಟಾಲಮ್ಮನ ಗುಡಿ. ಗೂಡು ದಸ್ತಗೀರನ ಅಪ್ಪನ ಕಾಲದ್ದು. ಬೇಸಿಗೆಯಲ್ಲಿ ಕೆರೆಯ ಅಂಗಳದ ಮಣ್ಣು ತಂದು, ತುಳಿದು ಹದ ಮಾಡಿ, ಅಚ್ಚಿಗೆ ಹಾಕಿ, ಒಣಗಿಸಿ, ಗೂಡು ಕಟ್ಟಿ, ಸೌದೆಯನ್ನೂ ಕಲ್ಲಿದ್ದಲ ಪುಡಿಯನ್ನೂ ತುಂಬಿ ಬೆಂಕಿ ಇಟ್ಟರೆ ಹತ್ತು ದಿನ ಉರಿಯಬೇಕು. ನಡುವೆ ಆರಿಸುವ ಹಾಗಿಲ್ಲ. ಮೊದಲೆರಡು ದಿನ ಬಿಳಿ ಹೊಗೆ, ಆಮೇಲೆ ಕಪ್ಪು, ಕೊನೆಗೆ ಬರೀ ಝಳ. ಹೊಗೆಯ ಬಣ್ಣ ನೋಡಿ ಒಳಗಿನ ಇಟ್ಟಿಗೆ ಎಷ್ಟು ಬೆಂದಿದೆ ಎಂದು ಹೇಳುವುದರಲ್ಲಿ ಆ ಸುತ್ತಿನಲ್ಲಿ ದಸ್ತಗೀರನನ್ನು ಮೀರಿಸುವವರಿರಲಿಲ್ಲ. ತನ್ನ ಹೊಗೆಯನ್ನು ಅವನು ಮಗಳ ಜಡೆಯನ್ನು ನೋಡುವಂತೆ ನೋಡುತ್ತಿದ್ದ. ಆದ್ದರಿಂದ ಯಾರಾದರೂ ಅದಕ್ಕೆ ಹೆಸರಿಟ್ಟರೆ ಮೈ ಉರಿಯುತ್ತಿತ್ತು.

ಹೆಸರಿಟ್ಟವನು ಶ್ರೀರಾಮಪ್ಪ. ದಸ್ತಗೀರ ಎಷ್ಟು ಮಾತಿನವನೋ ಶ್ರೀರಾಮಪ್ಪ ಅಷ್ಟೇ ಮೌನಿ. ಇಬ್ಬರೂ ಒಂದೇ ವಯಸ್ಸಿನವರು, ಒಂದೇ ಕೆರೆಯಲ್ಲಿ ಈಜು ಕಲಿತವರು. ಎಂಬತ್ತನೆಯ ಇಸವಿಯ ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ಶ್ರೀರಾಮಪ್ಪ ಗೂಡಿನ ಹತ್ತಿರ ಬಂದು, ಹೆಗಲ ಮೇಲಿನ ಟವೆಲನ್ನು ತೆಗೆದು ಮತ್ತೆ ಹಾಕಿಕೊಂಡು, ಒಂದೇ ಮಾತು ಹೇಳಿದ.

"ಸಾಬ್ರೇ, ನಿಮ್ಮ ಒಗೆಯಿಂದ ನನ್ ಬಳ್ಳಿ ಕೆಡ್ತಾ ಐತೆ."

ಹಿಂದಿನ ಚಳಿಗಾಲದಲ್ಲಿ ಅವನ ತೋಟಕ್ಕೆ ಬೂಜು ರೋಗ ಬಡಿದು ಹೂಗೊಂಚಲು ಕಪ್ಪಗಾಗಿ ಉದುರಿದ್ದವು. ಮೈಲುತುತ್ತ, ಸುಣ್ಣ ಬೆರೆಸಿ ಎಷ್ಟು ಹೊಡೆದರೂ ನಿಂತಿರಲಿಲ್ಲ. ಇನ್ನೊಂದು ವರ್ಷ ಹಾಗಾದರೆ ತೋಟ ಕಿತ್ತು ರಾಗಿ ಹಾಕಬೇಕು ಎಂದು ಅವನು ಮನೆಯಲ್ಲಿ ಹೇಳಿದ್ದ. ಆ ಮಾತು ಶಹರ್ಬಾನುವಿನ ಕಿವಿಗೂ ಬಿದ್ದಿತ್ತು.

ದಸ್ತಗೀರ ಒಂದು ಮಾತಿಗೆ ನೂರು ಮಾತು ಕೊಟ್ಟ. "ನನ್ ಹೊಗೆ ಎಷ್ಟು, ಈ ಕೆರೆ ಎಷ್ಟು ಶ್ರೀರಾಮಣ್ಣ? ಬೆಳಿಗ್ಗೆ ಎದ್ದು ನೋಡಿ. ಕೆರೆ ಪೂರ್ತಿ ಮಂಜು ಬಿಡ್ತದೆ. ಅದರ ಮುಂದೆ ನನ್ ಗೂಡು ಬೀಡಿ ಸೇದಿದ ಹಾಗೆ. ಒಲೆ ಹೊಗೆ ಬಿಡಲ್ವಾ? ರೈಲು ಬಿಡಲ್ವಾ? ನಿಮ್ಮ ಎತ್ತು ಬೆಳಿಗ್ಗೆ ಉಸಿರು ಬಿಟ್ರೆ ಮೂಗಿಂದ ಹಬೆ ಬರಲ್ವಾ? ಅವುನ್ನೆಲ್ಲ ಬಿಟ್ಟು ನನ್ನ ಹಿಡ್ಕೊಂಡ್ರಾ?"

ಶ್ರೀರಾಮಪ್ಪ ಟವೆಲನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು ಹೋದ.

ವಿಷಯ ಅರಳಿಕಟ್ಟೆಗೆ ಹೋಯಿತು. ಊರ ಹಿರಿಯ ಲಕ್ಕಣ್ಣ ನಡುವೆ ಕುಳಿತ. ಶ್ರೀರಾಮಪ್ಪ ತನ್ನ ಪರವಾಗಿ ಮಾತಾಡಲೆಂದು ಹೆಬ್ಬಾಳದ ಕಡೆ ಕೃಷಿ ಪಾಠ ಹೇಳುವ ನರಸಿಂಹಯ್ಯ ಮೇಷ್ಟ್ರನ್ನು ಕರೆತಂದಿದ್ದ. ಮೇಷ್ಟ್ರು ಸ್ಕೂಟರಿನಿಂದ ಇಳಿದು, ಮಫ್ಲರು ಬಿಚ್ಚಿ, ರೋಗದ ಎಲೆಯೊಂದನ್ನು ಬೆಳಕಿಗೆ ಹಿಡಿದು ನೋಡಿ, ಯಾರ ಪರವಾಗಿಯೂ ಮಾತಾಡಲಿಲ್ಲ. ಅದು ಇಬ್ಬರಿಗೂ ಬೇಸರ ತಂದಿತು.

"ಎಲೆ ಮೇಲೆ ತೇವ ಬಹಳ ಹೊತ್ತು ನಿಂತ್ರೆ ಈ ರೋಗ ಬರುತ್ತೆ ಕಣ್ರೀ" ಎಂದರು ಮೇಷ್ಟ್ರು. "ಮಂಜು ಬರೋದು ಕೆರೆಯಿಂದ, ನಿಜ. ಬಿಸಿಲು ಬಂದ್ರೆ ಹೋಗ್ಬೇಕು. ಆದ್ರೆ ಹೊಗೆಯ ಕಣ ಸೇರಿದ್ರೆ ಮಂಜು ಅದಕ್ಕೆ ಅಂಟ್ಕೊಂಡು ನಿಲ್ಲುತ್ತೆ, ಬೇಗ ಹೋಗಲ್ಲ. ಇಲ್ಲಿ ಹಾಗಾಗ್ತಿದೆಯೋ ಇಲ್ವೋ ನಂಗೆ ಗೊತ್ತಿಲ್ಲ. ನೋಡ್ಬೇಕು."

"ಕೆರೆ ಬಿಡೋದು ಬೆಟ್ಟದಷ್ಟು, ನಾನು ಬಿಡೋದು ಬೊಗಸೆಯಷ್ಟು" ಎಂದ ದಸ್ತಗೀರ.

ಮೇಷ್ಟ್ರಿಗೆ ಪಾಠದ ಹುರುಪು ಬಂತು. "ಜಗತ್ತಿಗೆಲ್ಲ ಇದೇ ಕಥೆ ಸಾಬ್ರೇ. ಇಂಗಾಲದ ಡೈಆಕ್ಸೈಡ್ ಅಂತ ಒಂದು ಗಾಳಿ ಇದೆ, ಕಣ್ಣಿಗೆ ಕಾಣಲ್ಲ. ಕಾಡು, ಕಡಲು, ನೆಲ ಎಲ್ಲಾ ಅದನ್ನ ಬಿಡ್ತವೆ, ನಾವು ಬಿಡೋದಕ್ಕಿಂತ ಎಷ್ಟೋ ಪಾಲು ಜಾಸ್ತಿ. ಆದ್ರೆ ಬಿಟ್ಟಷ್ಟನ್ನೂ ಮತ್ತೆ ಒಳಗೆ ಎಳ್ಕೊಳ್ತವೆ. ನಾವು ನೆಲದಡಿಯಿಂದ ಕಲ್ಲಿದ್ದಲು ತೆಗೆದು ಸುಡ್ತೀವಲ್ಲ, ಅದನ್ನ ವಾಪಸ್ ಇಡೋ ಕೆಲಸ ನಾವು ಮಾಡಲ್ಲ. ಕಾಡು ಕಡಲು ಒಂದಷ್ಟು ಎಳ್ಕೊಳ್ತವೆ, ಮಿಕ್ಕಿದ್ದು ಮೇಲೇ ನಿಲ್ಲುತ್ತೆ. ವರ್ಷಾ ವರ್ಷಾ ಸ್ವಲ್ಪ ಸ್ವಲ್ಪ ಕೂಡ್ತಾ ಹೋಗುತ್ತೆ, ಭೂಮಿ ಬಿಸಿಯಾಗುತ್ತೆ, ಮಳೆ ಗಾಳಿ ಹೊತ್ತು ತಪ್ಪುತ್ತೆ ಅಂತ ತಿಳಿದವರು ಹೇಳ್ತಿದಾರೆ."

"ಕಣ್ಣಿಗೆ ಕಾಣೋ ಹೊಗೆಗೇ ಬೇಕಾದಷ್ಟು ಬೈಸ್ಕೊಂಡಿದೀನಿ ಮೇಷ್ಟ್ರೇ. ಕಾಣದ್ದಕ್ಕೂ ನನ್ನೇ ಹೊಣೆ ಮಾಡ್ಬೇಡಿ" ಎಂದ ದಸ್ತಗೀರ. ಕಟ್ಟೆಯವರೆಲ್ಲ ಗೊಳ್ಳೆಂದು ನಕ್ಕರು. ಮೇಷ್ಟ್ರೂ ನಕ್ಕು, "ಅದು ಜಗತ್ತಿನ ವಿಷಯ, ಬಿಡಿ. ಇಲ್ಲಿ ಮಂಜಿನದು ನೋಡೋಣ" ಎಂದರು.

ನಗಿಸಿದ ಹೆಮ್ಮೆ ತಲೆಗೇರಿ ದಸ್ತಗೀರ ಎದ್ದು ನಿಂತ. ಪಂದ್ಯವನ್ನು ಕಟ್ಟಿದವನು ಅವನೇ. ಇಪ್ಪತ್ತು ದಿನ ಗೂಡಿಗೆ ಬೆಂಕಿ ಇಡುವುದಿಲ್ಲ. ಆಮೇಲೆ ಇಪ್ಪತ್ತು ದಿನ ಒಂದರ ಹಿಂದೆ ಒಂದರಂತೆ ಎರಡು ಗೂಡು ಸುಡುವುದು. ದಿನಾ ಬೆಳಿಗ್ಗೆ ಕೆರೆಯ ದಡದಲ್ಲಿ ನಿಂತು ನೋಡುವುದು. ಎಂಟು ಗಂಟೆಯ ಪ್ಯಾಸೆಂಜರು ರೈಲು ಹೋಗುವ ಮೊದಲೇ ಪಟಾಲಮ್ಮನ ಗುಡಿಯ ಬಿಳಿ ಗೋಡೆ ಕಂಡರೆ ಮಂಜು ಬೇಗ ಹೋಯಿತು ಎಂದು ಲೆಕ್ಕ. ರೈಲು ಹೋದ ಮೇಲೆ ಕಂಡರೆ ತಡವಾಯಿತು ಎಂದು ಲೆಕ್ಕ.

"ಹೊಗೆ ಇದ್ರೂ ಒಂದೇ, ಇಲ್ದಿದ್ರೂ ಒಂದೇ ಅಂತ ತೋರಿಸ್ತೀನಿ. ಹಂಗಾಗ್ದೆ ನಂದೇ ತಪ್ಪು ಅಂತ ಬಂದ್ರೆ, ಈ ಕೆರೆ ದಡದಿಂದ ಗೂಡು ಕಿತ್ಕೊಂಡು ಹೋಗ್ತೀನಿ."

ಲಕ್ಕಣ್ಣ ಸುತ್ತ ನೋಡಿದ. "ದಿನಾ ನೋಡೋರು ಯಾರಪ್ಪಾ?"

ಧನುರ್ಮಾಸದ ಚಳಿಯಲ್ಲಿ ಕೆರೆಯ ದಡದಲ್ಲಿ ನಿಲ್ಲುವುದೆಂದರೆ ಎಲ್ಲರಿಗೂ ಒಂದೊಂದು ಕಾಯಿಲೆ ನೆನಪಾಯಿತು. ಒಬ್ಬನಿಗೆ ಕಾಲು ಹಿಡಿಯುತ್ತದೆ, ಇನ್ನೊಬ್ಬನಿಗೆ ಶೀತ, ಲಕ್ಕಣ್ಣನಿಗೆ ವಯಸ್ಸು. ಕೊನೆಗೆ ಶ್ರೀರಾಮಪ್ಪನೇ ಬಾಯಿ ಬಿಟ್ಟ. "ಸಾಬ್ರೇ ನೋಡ್ಲಿ. ಅವ್ರು ಏಳಿದ್ದು ನಂಗೆ ಒಪ್ಗೆ."

ಸುದ್ದಿ ಕೇಳಿ ಶಹರ್ಬಾನು ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. ಮನೆಯೊಳಗೆ ಅವರದು ದಖನಿ ಮಾತು. ಅದರಲ್ಲಿ ಬೈದರೆ ಇನ್ನೂ ಚೆನ್ನಾಗಿ ನಾಟುತ್ತದೆ. "ಕ್ಯಾ ಜೀ, ನಗಿಸೋದಕ್ಕೆ ಹೋಗಿ ಗೂಡು ಒತ್ತೆ ಇಟ್ಟು ಬಂದ್ರಾ? ಕಿತ್ಕೊಂಡು ಎಲ್ಲಿಗೆ ಹೋಗ್ತೀರಿ? ಚಿಕ್ಕಬಾಣಾವರಕ್ಕಾ? ಅಲ್ಲಿ ನಿಮಗೆ ಮಣ್ಣು ಯಾರು ಕೊಡ್ತಾರೆ? ಮದುವೆಯಾಗಿ ಬಂದ ವಾರದಿಂದ ಈ ಮಣ್ಣು ತುಳಿದಿದೀನಿ ನಾನು."

"ಹೋಗೋ ಮಾತೇ ಇಲ್ಲ ಬಾನು. ಗೆಲ್ಲೋದು ನಾನೇ."

ಎಣಿಸುವುದಕ್ಕೆ ದಸ್ತಗೀರ ತನ್ನದೇ ಉಪಾಯ ಮಾಡಿಕೊಂಡ. ಗೂಡಿನ ಮುಂದೆ ಎರಡು ಸಾಲು. ಮೊದಲ ಸಾಲು ಬೆಂಕಿಯಿಲ್ಲದ ದಿನಗಳಿಗೆ, ಎರಡನೆಯದು ಬೆಂಕಿಯ ದಿನಗಳಿಗೆ. ಮಂಜು ಬೇಗ ಹೋದ ದಿನಕ್ಕೆ ಒಂದು ಹಸಿ ಇಟ್ಟಿಗೆ, ತಡವಾದ ದಿನಕ್ಕೆ ಒಂದು ಸುಟ್ಟ ಇಟ್ಟಿಗೆ.

"ಗೋಡೆ ಮೇಲೆ ಇದ್ದಿಲಿನಲ್ಲಿ ಗೀಟು ಹಾಕಿದ್ರೆ ಆಗಲ್ವಾ?" ಎಂದಳು ಶಹರ್ಬಾನು.

"ಇಟ್ಟಿಗೆಯವನು ಇಟ್ಟಿಗೆಯಲ್ಲೇ ಎಣಿಸ್ತಾನೆ."

"ಮಳೆ ಬಂದ್ರೆ?"

"ಚಳಿಗಾಲದಲ್ಲಿ ಯಾವ ಮಳೆ? ನಿನಗೆ ಮೇಷ್ಟ್ರ ಗಾಳಿ ತಗುಲಿದೆ."

ಡಿಸೆಂಬರ್ ಒಂದರಿಂದ ಕಂಬಳಿ ಹೊದ್ದು, ಟೀ ಲೋಟ ಹಿಡಿದು ನಿಂತ. ಮೊದಲ ದಿನ ಏಳೂವರೆಗೇ ಗುಡಿ ಕಂಡಿತು. ಹಸಿ ಇಟ್ಟಿಗೆ ಇಟ್ಟ. ಎರಡನೆಯ ದಿನವೂ ಹಾಗೆಯೇ. ಮಂಜು ನೀರಿನ ಮೇಲೆ ಎದ್ದು, ಹೊರಳಾಡಿ, ಬಿಸಿಲು ಬಿದ್ದೊಡನೆ ಬಂದ ದಾರಿಯಲ್ಲೇ ವಾಪಸು ಹೋಗುತ್ತಿತ್ತು. ದಡದ ಗರಿಕೆ ಒದ್ದೆಯಾಗಿರುತ್ತಿತ್ತು, ಅಷ್ಟೇ. ಇಪ್ಪತ್ತು ದಿನದಲ್ಲಿ ಎರಡೇ ಎರಡು ದಿನ ರೈಲು ಮೊದಲು ಬಂತು, ಗುಡಿ ಆಮೇಲೆ. ಹದಿನೆಂಟು ಹಸಿ, ಎರಡು ಸುಟ್ಟದ್ದು. ಕೆರೆ ಇಷ್ಟು ಮರ್ಯಾದಸ್ಥೆ ಎಂದು ದಸ್ತಗೀರನಿಗೆ ಗೊತ್ತಿರಲಿಲ್ಲ. ಗೊತ್ತಾಗಿ ಸಂತೋಷವೇನೂ ಆಗಲಿಲ್ಲ.

ಇಪ್ಪತ್ತೊಂದನೆಯ ದಿನ ಗೂಡಿಗೆ ಬೆಂಕಿ ಬಿತ್ತು. ಅಪ್ಪ ಮಾಡುತ್ತಿದ್ದಂತೆ ಫಾತೆಹಾ ಓದಿಸಿ ಸಕ್ಕರೆ ಹಂಚಿದ. ಮರುದಿನ ಬೆಳಿಗ್ಗೆ ನಿಂತು ನೋಡಿದರೆ ಆಚೆ ದಡವೇ ಇಲ್ಲ. ತನ್ನ ಬಿಳಿ ಹೊಗೆ ಮೇಲಕ್ಕೆ ಹೋಗದೆ ತಣ್ಣಗೆ ತಗ್ಗಿ ಕೆರೆಯ ಮೇಲೆ ಚಾಪೆ ಹಾಸಿಕೊಂಡು ಮಲಗಿದೆ. ರೈಲು ಹೋಯಿತು. ಇನ್ನೊಂದು ಲೋಟ ಟೀ ಆಯಿತು. ಗುಡಿ ಕಂಡಾಗ ಒಂಬತ್ತೂವರೆ. ಸುಟ್ಟ ಇಟ್ಟಿಗೆ ಇಟ್ಟ. ಮೊದಲ ದಿನ ಆಕಸ್ಮಿಕ ಎಂದುಕೊಂಡ. ನಾಲ್ಕನೆಯ ದಿನ ಚಳಿ ಜಾಸ್ತಿ ಎಂದುಕೊಂಡ. ಹತ್ತನೆಯ ದಿನಕ್ಕೆ ನೆಪಗಳು ಮುಗಿದವು.

ನಿಜಕ್ಕೂ ಅವನನ್ನು ಕೆಡವಿದ್ದು ನಡುವಿನ ಮೂರು ದಿನ. ಗೂಡು ಚೆನ್ನಾಗಿ ಉರಿಯುತ್ತಿತ್ತು, ಚಳಿಯೂ ಇತ್ತು, ಆದರೆ ಗಾಳಿ ತಿರುಗಿ ಹೊಗೆಯೆಲ್ಲ ರಸ್ತೆಯ ಕಡೆ ಹೋಯಿತು. ಆ ಮೂರೂ ದಿನ ರೈಲಿಗೆ ಮೊದಲೇ ಗುಡಿ ಬೆಳ್ಳಗೆ ಎದ್ದು ನಿಂತಿತ್ತು. ನಾಲ್ಕನೆಯ ದಿನ ಗಾಳಿ ಮತ್ತೆ ಇತ್ತ ತಿರುಗಿತು, ಗುಡಿ ಮಾಯವಾಯಿತು. ಇದಕ್ಕೆ ಮೇಷ್ಟ್ರ ವಿವರಣೆಯೇ ಬೇಕಿರಲಿಲ್ಲ. ಎರಡನೆಯ ಸಾಲಿನಲ್ಲಿ ಮೂರು ಹಸಿ, ಹದಿನೇಳು ಸುಟ್ಟದ್ದು.

ಜನವರಿಯಲ್ಲಿ, ಲೆಕ್ಕ ಒಪ್ಪಿಸಬೇಕಿದ್ದ ಪಂಚಾಯ್ತಿಯ ಭಾನುವಾರಕ್ಕೆ ಮೂರು ದಿನ ಇರುವಾಗ, ಸಮುದ್ರದ ಕಡೆಯಿಂದ ಚಂಡಮಾರುತವೆಂದು ರೇಡಿಯೋ ಹೇಳಿತು. ಮಧ್ಯಾಹ್ನ ಶುರುವಾದ ಮಳೆ ಮರುದಿನ ಮಧ್ಯಾಹ್ನದವರೆಗೂ ಬಿಡದೆ ಸುರಿಯಿತು. ಅಂಗಳದಲ್ಲಿ ಒಣಗಲು ಇಟ್ಟಿದ್ದ ಮೂರನೆಯ ಗೂಡಿನ ಹಸಿ ಇಟ್ಟಿಗೆ ಪೂರ್ತಿ ಕರಗಿ ಕೆಸರಾಯಿತು. ಗಂಡ ಹೆಂಡತಿ ಗೋಣಿಚೀಲ, ಚಾಪೆ, ಹಳೆಯ ಸೀರೆ, ಮನೆಯ ಬಾಗಿಲು, ಕೈಗೆ ಸಿಕ್ಕಿದ್ದೆಲ್ಲ ಹೊದಿಸಿ ನೋಡಿದರು. ಏನೂ ಉಳಿಯಲಿಲ್ಲ. ಒಂದು ತಿಂಗಳ ದುಡಿಮೆ ಕಾಲ ಕೆಳಗೆ ಪಿಚಕ್ಕೆನ್ನುತ್ತಿತ್ತು. ಶಹರ್ಬಾನು ಅಳಲಿಲ್ಲ. ಬಾಗಿಲನ್ನು ಒರೆಸಿ ಮತ್ತೆ ಚೌಕಟ್ಟಿಗೆ ಸಿಕ್ಕಿಸಿದಳು. ದಸ್ತಗೀರ ಅದರ ಇನ್ನೊಂದು ತುದಿ ಹಿಡಿದುಕೊಂಡ.

ಶನಿವಾರ ಬೆಳಿಗ್ಗೆ ಅವನು ತನ್ನ ಎರಡು ಸಾಲುಗಳ ಮುಂದೆ ನಿಂತ. ಹಸಿ ಇಟ್ಟಿಗೆಗಳಿದ್ದ ಕಡೆ ಮಣ್ಣಿನ ಗುಪ್ಪೆ ಮಾತ್ರ ಉಳಿದಿತ್ತು. ಸುಟ್ಟವು ಹತ್ತೊಂಬತ್ತೂ ಮಳೆಯಲ್ಲಿ ಮಿಂದು ಕೆಂಪಗೆ ಮಿನುಗುತ್ತಿದ್ದವು, ಮೊದಲ ಸಾಲಿನಲ್ಲಿ ಎರಡು, ಎರಡನೆಯ ಸಾಲಿನಲ್ಲಿ ಹದಿನೇಳು. ಅವನು ಆಚೆ ಈಚೆ ನೋಡಿದ. ಗುದ್ದಲಿಯಿಂದ ಗುಪ್ಪೆಗಳನ್ನು ಕೆರೆದು ಸಮ ಮಾಡಿದರೆ ಒಂದು ನಿಮಿಷದ ಕೆಲಸ. ಎರಡನೆಯ ಸಾಲಿನಿಂದ ಎಂಟು ಇಟ್ಟಿಗೆ ತೆಗೆದು ಮೊದಲ ಸಾಲಿಗೆ ಇಟ್ಟರೆ ಇಲ್ಲಿ ಹತ್ತು, ಅಲ್ಲಿ ಒಂಬತ್ತು. ಹೊಗೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಗೂಡು ಉಳಿಯುತ್ತದೆ. ನೋಡಿದವರು ಯಾರು? ಅವನು ಮತ್ತು ಪಟಾಲಮ್ಮ. ಆಕೆ ಪಂಚಾಯ್ತಿಗೆ ಬರುವವಳಲ್ಲ.

ಗುದ್ದಲಿ ತಂದ. ಕೆರೆದು ಸಮ ಮಾಡಿದ. ಎಂಟು ಇಟ್ಟಿಗೆಯನ್ನು ಒಂದೊಂದಾಗಿ ಹೊತ್ತು ಈಚೆ ಸಾಲಿಗೆ ಇಟ್ಟ. ಸಾವಿರಗಟ್ಟಲೆ ಇಟ್ಟಿಗೆ ಹೊತ್ತ ಮೈಗೆ ಆ ಎಂಟು ಯಾಕೋ ಭಾರವಾದವು. ಕೊನೆಯದನ್ನು ಇಟ್ಟು ಸೊಂಟದ ಮೇಲೆ ಕೈಯಿಟ್ಟು ನಿಂತಾಗ ತೋಟದ ಕಡೆಯಿಂದ ಶ್ರೀರಾಮಪ್ಪ ಬರುತ್ತಿದ್ದ. ಅವನ ತಲೆಯ ಮೇಲೆ ಮಡಿಸಿದ ಟಾರ್ಪಾಲು.

"ನಿನ್ನೇನೇ ತರ್ಬೇಕಿತ್ತು" ಎಂದ ಶ್ರೀರಾಮಪ್ಪ, ಕರಗಿದ ಅಂಗಳವನ್ನು ನೋಡುತ್ತಾ. "ಯಲಹಂಕದಾಗೆ ಸಿಕ್ಕಾಕ್ಕೊಂಬುಟ್ಟೆ. ಎಲ್ಲಾ ಓಯ್ತಾ?"

"ಎಲ್ಲಾ ಹೋಯ್ತು."

ಶ್ರೀರಾಮಪ್ಪ ಸಾಲುಗಳ ಕಡೆ ಒಮ್ಮೆ ನೋಡಿದ. ದಸ್ತಗೀರ ಗುದ್ದಲಿಯನ್ನು ಬೆನ್ನ ಹಿಂದೆ ಸರಿಸಿದ. "ನಿಮ್ ಲೆಕ್ಕಾನೂ ಕರಗೋಯ್ತಾ? ಓಗ್ಲಿ ಬುಡಿ. ಇಟ್ಟಿಗೆ ಇಲ್ದಿದ್ರೆ ಬಾಯಲ್ಲೇ ಏಳಿ ನಾಳೆ. ನಂಬ್ತೀವಿ." ಟಾರ್ಪಾಲನ್ನು ಗೂಡಿಗೆ ಒರಗಿಸಿ, ಟವೆಲು ಸರಿಮಾಡಿಕೊಂಡು ಅವನು ಹೋದ.

ದಸ್ತಗೀರ ಅಲ್ಲೇ ಕುಕ್ಕರಗಾಲಿನಲ್ಲಿ ಕುಳಿತ. ಮೋಸ ಮಾಡಲು ಎಷ್ಟೊಂದು ಕಷ್ಟಪಟ್ಟನಲ್ಲ, ಅಷ್ಟರ ಅಗತ್ಯವೇ ಇರಲಿಲ್ಲ ಎಂಬುದು ಅವನಿಗೆ ಎಲ್ಲಕ್ಕಿಂತ ದೊಡ್ಡ ಅವಮಾನವಾಗಿತ್ತು. ಬೈದಿದ್ದರೆ ಎದುರು ಬೈಯಬಹುದಿತ್ತು. ಅನುಮಾನಪಟ್ಟಿದ್ದರೆ ಜಗಳವಾಡಬಹುದಿತ್ತು. ಆ ಪುಣ್ಯಾತ್ಮ ಟಾರ್ಪಾಲು ತಂದಿದ್ದ.

ಶಹರ್ಬಾನು ಟೀ ತಂದು, ಸಾಲುಗಳನ್ನು ನೋಡಿ, ಗಂಡನ ಮುಖ ನೋಡಿದಳು. ಅವಳಿಗೂ ಎಣಿಸಲು ಬರುತ್ತಿತ್ತು. "ಅಚ್ಚು ತರ್ಲಾ?" ಎಂದಳು.

"ತಾ" ಎಂದ.

ಭಾನುವಾರ ಊರವರು ಗೂಡಿನ ಮುಂದೆಯೇ ಸೇರಿದರು. ಮೇಷ್ಟ್ರೂ ಬಂದಿದ್ದರು. ಎರಡು ಸಾಲು ಇಟ್ಟಿಗೆ ಅಚ್ಚುಕಟ್ಟಾಗಿ ಕೂತಿದ್ದವು. ಮೊದಲ ಸಾಲಿನಲ್ಲಿ ಹದಿನೆಂಟು ಹಸಿ, ಎರಡು ಸುಟ್ಟದ್ದು. ಎರಡನೆಯದರಲ್ಲಿ ಮೂರು ಹಸಿ, ಹದಿನೇಳು ಸುಟ್ಟದ್ದು. ದಸ್ತಗೀರ ಯಾವುದಕ್ಕೆ ಯಾವ ಅರ್ಥ ಎಂದು ಹೇಳಿದ, ಗಾಳಿ ತಿರುಗಿದ ಮೂರು ದಿನದ ಕಥೆಯನ್ನೂ ಬಿಡದೆ ಹೇಳಿದ.

"ಅಂಗಾದ್ರೆ?" ಎಂದ ಲಕ್ಕಣ್ಣ.

"ಹಂಗಾದ್ರೆ ತಪ್ಪು ನಂದೇ. ಮಂಜು ಕೆರೇದು. ಅದನ್ನ ಹೋಗೋಕೆ ಬಿಡ್ದೆ ಹಿಡ್ಕೊಂಡಿದ್ದು ನಾನು."

ಲಕ್ಕಣ್ಣ ಬಗ್ಗಿ ಒಂದು ಹಸಿ ಇಟ್ಟಿಗೆಯನ್ನು ಮುಟ್ಟಿದ. ಬೆರಳಿಗೆ ಒದ್ದೆ ಮಣ್ಣು ಹತ್ತಿತು. "ಮಳೆಗೆ ಕರಗೋಗಿದ್ವಂತೆ? ಇವು ಎಲ್ಲಿಂದ ಬಂದ್ವು?"

"ಅವೇ ಅಣ್ಣ. ಕರಗಿದ ಮಣ್ಣನ್ನೇ ತಿರ್ಗಾ ಅಚ್ಚಿಗೆ ಹಾಕ್ದೆ." ದಸ್ತಗೀರ ಮೇಷ್ಟ್ರ ಕಡೆ ತಿರುಗಿದ. "ಮೇಷ್ಟ್ರೇ, ಅವತ್ತು ನೀವು ಕಾಣದ ಗಾಳಿ ವಿಷಯ ಹೇಳಿದ್ರಲ್ಲ, ನಾನು ನಗಿಸ್ಬಿಟ್ಟೆ. ನಿನ್ನೆ ಮಣ್ಣು ಕಲಸ್ತಾ ಅದು ತಲೆಗೆ ಹತ್ತಿತು. ಹಸೀದು ಕರಗ್ತದೆ, ಮತ್ತೆ ಆಗ್ತದೆ, ಎಷ್ಟು ಸಲ ಬೇಕಾದ್ರೂ. ಬೆಂಕಿ ಕಂಡಿದ್ದು ವಾಪಸ್ ಮಣ್ಣಾಗಲ್ಲ. ನೂರು ವರ್ಷ ಮಳೆ ಹುಯ್ದ್ರೂ ಆಗಲ್ಲ. ಅದನ್ನೇ ನಾನು ಹೊಗಳ್ಕೊಂಡು ಮಾರ್ತಿರೋದು."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಈ ಪಾಠವನ್ನು ಅವರು ಹತ್ತು ವರ್ಷದಿಂದ ಕಪ್ಪು ಹಲಗೆಯ ಮೇಲೆ ಬರೆಯುತ್ತಿದ್ದರು.

"ಮಾತು ಕೊಟ್ಟಿದೀನಿ. ಗೂಡು ಕೀಳ್ತೀನಿ" ಎಂದ ದಸ್ತಗೀರ. ಹಿಂದೆ ನಿಂತಿದ್ದ ಶಹರ್ಬಾನು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಆಗ ಶ್ರೀರಾಮಪ್ಪ ತನ್ನ ಆಯುಷ್ಯದಲ್ಲೇ ಅತಿ ದೊಡ್ಡ ಭಾಷಣ ಮಾಡಿದ. "ಕೀಳೋದೇನೂ ಬ್ಯಾಡ. ಬಳ್ಳಿ ಸವರಿದ್ ಮ್ಯಾಕೆ ಕಡ್ಡೀನೆಲ್ಲ ನಾನೂ ಕೆರೆ ಅಂಚಲ್ಲೇ ಸುಡ್ತೀನಿ, ವರ್ಷಾ ವರ್ಷಾ. ಅದನ್ಯಾರೂ ಕೇಳ್ಲಿಲ್ಲ, ನಾನೂ ಏಳ್ಲಿಲ್ಲ. ಇನ್ಮ್ಯಾಕೆ ಸುಡಲ್ಲ, ಗುಂಡಿಗಾಕಿ ಗೊಬ್ರ ಮಾಡ್ತೀನಿ. ಇವ್ರು ವರ್ಷಾ ವರ್ಷಾ ಚಳಿಗಾಲ್ದಾಗೆ ಶಿವರಾತ್ರಿವರ್ಗೂ ಬೆಂಕಿ ಇಡ್ದೇ ಇರ್ಲಿ. ಅಲ್ಲೀಗಂಟ ಹಸಿ ಇಟ್ಟಿಗೆ ಮಳೆಗೆ ಸಿಕ್ಕಿ ಕರಗ್ತದಲ್ಲ, ಅದಕ್ಕೆ ನಮ್ ದ್ರಾಕ್ಸಿ ತುಂಬೋ ಕೊಟ್ಗೆ ಐತೆ. ಅಣ್ಣು ಬರೋಗಂಟ ಅದು ಖಾಲೀನೆ. ಅಲ್ಲಿ ಜೋಡಿಸ್ಕೊಳ್ಲಿ. ನಂಗೆ ಕೊಟ್ಗೆ ಬೇಕಾಗೋ ಒತ್ಗೆ ಅವ್ರಿಗೆ ಬೆಂಕಿ ಇಡೋ ಒತ್ತಾಯ್ತದೆ." ಇಷ್ಟು ಹೇಳಿ ಸುಸ್ತಾದವನಂತೆ ಇಟ್ಟಿಗೆಯ ರಾಶಿಯ ಮೇಲೆ ಕುಳಿತುಬಿಟ್ಟ.

ಲಕ್ಕಣ್ಣನಿಗೆ ತೀರ್ಪು ಹೇಳುವ ಕೆಲಸವೇ ಉಳಿಯಲಿಲ್ಲ. ಆದರೂ ಹಿರಿಯನಾದ್ದರಿಂದ ಗಂಟಲು ಸರಿಮಾಡಿಕೊಂಡು, "ಅಂಗೇ ಆಗ್ಲಿ" ಎಂದ.

ಮುಂದಿನ ಚಳಿಗಾಲದಿಂದ ಹಾಗೆಯೇ ನಡೆಯಿತು. ಸುಡುವ ದಿನಗಳು ಕಡಿಮೆಯಾದವು, ಕೆಲವು ವರ್ಷ ಕೈ ಬಿಗಿಯಾಯಿತು. ಆದರೆ ಸುಡಲೆಂದು ಇಟ್ಟ ಹಸಿ ಇಟ್ಟಿಗೆ ಮತ್ತೆಂದೂ ಮಳೆಗೆ ಸಿಗಲಿಲ್ಲ. ರೋಗ ಒಂದೊಂದು ವರ್ಷ ಬಂತು, ಹೋಯಿತು, ಬಳ್ಳಿ ತಡೆದುಕೊಂಡಿತು. ಪ್ರತಿ ಶಿವರಾತ್ರಿಗೆ ದಸ್ತಗೀರನ ಮನೆಗೆ ಒಂದು ಬುಟ್ಟಿ ದ್ರಾಕ್ಷಿ ಬರುತ್ತಿತ್ತು. ಹುಳಿ ಎಂದು ಅವನು ಮುಖ ಹಿಂಡುತ್ತಾ ಪೂರ್ತಿ ತಿನ್ನುತ್ತಿದ್ದ. ಬಸ್ಸಿನಲ್ಲಿ ಮನೆಗಳನ್ನು ತೋರಿಸುವ ಚಾಳಿ ಹೋಗಲಿಲ್ಲ. ಆದರೆ "ಅದು ನಂದು" ಎಂದ ಮೇಲೆ ಈಗ ಬೆರಳನ್ನು ಕಿಟಕಿಯಿಂದ ಬೇಗ ಒಳಗೆ ಎಳೆದುಕೊಳ್ಳುತ್ತಿದ್ದ.

ಆ ಎರಡು ಸಾಲುಗಳನ್ನು ಅವನು ತೆಗೆಯಲಿಲ್ಲ. ಅವುಗಳಲ್ಲಿನ ಹಸಿ ಇಟ್ಟಿಗೆ ಮಾತ್ರ ಮಳೆಗೆ ಕರಗಿ ಮತ್ತೆ ನೆಲ ಸೇರಿದ್ದವು. ಎಂಬತ್ತೆಂಟರಲ್ಲಿ ಇಟ್ಟಿಗೆ ಕೊಳ್ಳಲು ಬಂದ ಆರ್.ಟಿ. ನಗರದವರೊಬ್ಬರು ಗೂಡಿನ ಮುಂದೆ ಹುಲ್ಲಿನ ನಡುವೆ ಪಾಚಿ ಹಿಡಿದು ಕೂತಿದ್ದ ಸುಟ್ಟ ಇಟ್ಟಿಗೆಗಳನ್ನು ನೋಡಿ, ಮೊದಲ ಸಾಲಿನಲ್ಲಿ ಎರಡೇ, ಎರಡನೆಯದರಲ್ಲಿ ಹದಿನೇಳು, ನಡುನಡುವೆ ಖಾಲಿ ಜಾಗ, ಇದೇನು ಸಾಬ್ರೇ ಎಂದು ಕೇಳಿದರು.

"ಖಾಲಿ ಇರೋದು ಕೆರೇದು. ಅದು ತಂದಿದ್ದನ್ನ ವಾಪಸ್ ತಗೊಂಡ್ತು" ಎಂದ ದಸ್ತಗೀರ. "ಉಳ್ದಿರೋದು ನಂದು."